ವಯಸ್ಸಾದ ಗೇ, ಲೆಸ್ಬಿಯನ್ ಜನ ಸಂದರ್ಶನಕ್ಕೆ ಸಿಗುತ್ತಿಲ್ಲ, ಏನು ಮಾಡಲಿ?

ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೀರಿ, 60 ದಾಟಿದ ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಜನರನ್ನು ಮಾತಾಡಿಸಬೇಕು, ಆರು ತಿಂಗಳಾದರೂ ಇಬ್ಬರೇ ಸಿಕ್ಕಿದ್ದಾರೆ ಅಂತ ಬರೆದಿದ್ದೀರಿ. ನನಗೀಗ 61, ಇದೇ ಊರಿನವನು. ಇಂಥದೇ ಅಧ್ಯಯನಕ್ಕೆ ಮೊದಲು ಒಲ್ಲೆ ಅಂದು, ಆಮೇಲೆ ಮಾತಾಡಿದವನು.

ಮೊದಲು ಬಂದ ಹುಡುಗ ಒಪ್ಪಿಗೆ ಪತ್ರವನ್ನು ಟೀಪಾಯ್ ಮೇಲೆ ಇಟ್ಟ. ಹೆಸರು, ವಿಳಾಸ, ಕೆಳಗೆ ಸಹಿ. ಒಳಗೆ ಸೊಸೆ ಕುಕ್ಕರ್ ಇಡುತ್ತಿದ್ದಳು. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.

ಸಹಿಗೆ ಯಾಕಷ್ಟು ಭಯ ಅಂತೀರಾ? 2009ರಲ್ಲಿ ದಿಲ್ಲಿ ಹೈಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ತೆಗೆದುಹಾಕಿತು. 2018ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅಪರಾಧವಲ್ಲ ಅಂತಾಯಿತು. ಕೊಟ್ಟದ್ದನ್ನು ಕಸಿದುಕೊಂಡದ್ದು ನೋಡಿದವರು ನಾವು. ಕಾಗದದ ಮೇಲೆ ಹೆಸರು ಬರೆಯಲು ಕೈ ಏಳಲ್ಲ. ಸಹಿ ಬದಲು ಬಾಯಿಮಾತಿನ ಒಪ್ಪಿಗೆ ಸಾಕಾ ಅಂತ ಸಂಶೋಧನೆಗೆ ಅನುಮತಿ ಕೊಡುವ ನಿಮ್ಮ ಎಥಿಕ್ಸ್ ಕಮಿಟಿಯನ್ನು ಕೇಳಿ. ಕಮಿಟಿ ಒಪ್ಪಿದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿದೆ.

ಪೋಸ್ಟರ್ ಹಚ್ಚಿ ಕಾಯಬೇಡಿ. 'ಗೇ' ಅನ್ನುವ ಪದ ನನ್ನ ಕಿವಿಗೆ ಬಿದ್ದಾಗ ಮಗ ಕಾಲೇಜಿಗೆ ಹೋಗುತ್ತಿದ್ದ. ಅದು ನನ್ನ ಬಗ್ಗೆ ಅಂತ ಅನಿಸಲೇ ಇಲ್ಲ. ನಾವು 'ದೋಸ್ತಿ' ಅಂತಿದ್ದೆವು. ನಮ್ಮಲ್ಲಿ ಜಾಸ್ತಿ ಜನ ಮದುವೆಯಾದವರು, ಮೊಮ್ಮಕ್ಕಳಿರುವವರು. ಯಾರನ್ನು ಪ್ರೀತಿಸಿದ್ದಿರಿ ಅಂತ ಕೇಳಿ, ಹೇಳುತ್ತೇವೆ.

ಎಚ್‌ಐವಿ ತಡೆಯುವ ಸಂಸ್ಥೆಗಳ ಮೂಲಕ ಹೋದರೆ ಗಂಡಸರು ಸಿಗಬಹುದು. ಹೆಂಗಸರು ಸಿಗಲ್ಲ, ಆ ಕೆಲಸ ಅವರನ್ನು ಮುಟ್ಟಿಯೇ ಇಲ್ಲ. ನನಗೆ ಗೊತ್ತಿರುವ ಇಬ್ಬರು ನಿವೃತ್ತ ಟೀಚರ್‌ಗಳು ಎಷ್ಟೋ ವರ್ಷಗಳಿಂದ ಒಂದೇ ಮನೆಯಲ್ಲಿದ್ದಾರೆ. ಓಣಿಯವರಿಗೆ ಅವರು ಅಕ್ಕತಂಗಿಯರಿದ್ದಂತೆ. ಅಂಥವರ ಬಾಗಿಲಿಗೆ ಅವರು ನಂಬುವ ಹೆಂಗಸೊಬ್ಬರ ಜೊತೆಗೇ ಹೋಗಬೇಕು. ಮೊದಲ ದಿನ ಸುಮ್ನೆ ಚಹಾ ಕುಡಿದು ಬರಬೇಕು.

ಯಾರ ನಂಬರನ್ನೂ ಕೇಳಬೇಡಿ, ನಿಮ್ಮದನ್ನು ಕೊಟ್ಟು ಬನ್ನಿ. ಎರಡನೇ ಸಲ ಹಾಗೇ ಆಯಿತು. ಹಳೆಯ ಗೆಳೆಯನೊಬ್ಬ ಒಂದು ಚೀಟಿ ತಂದುಕೊಟ್ಟ, ಮೇಲೆ ಒಬ್ಬ ವಿದ್ಯಾರ್ಥಿನಿಯ ಫೋನ್ ನಂಬರ್. ನಾಲ್ಕು ತಿಂಗಳು ಅದು ನನ್ನ ಡೈರಿಯಲ್ಲಿತ್ತು. ಕೊನೆಗೆ ನಾನೇ ಫೋನ್ ಮಾಡಿದೆ. ಎಲ್ಲಿ ಕೂಡೋಣ, ನೀವೇ ಹೇಳ್ರಿ ಅಂದಳು. ಕೆಲಗೇರಿ ಕೆರೆ ದಂಡೆಯಲ್ಲಿ ಕೂತೆವು. ವರದಿಯಲ್ಲಿ ಹಾಕಲು ಬೇರೆ ಹೆಸರು ಆರಿಸಿಕೊಳ್ಳಿ ಅಂದಳು. ನಾನು ಪ್ರೀತಿಸಿದವನು ನನ್ನನ್ನು ಕರೆಯುತ್ತಿದ್ದ ಹೆಸರು ಹೇಳಿದೆ. ಆಮೇಲೆ ಕತ್ತಲಾಗುವವರೆಗೆ ಮಾತಾಡಿದೆ.