ಬಾಳ್ಳುಪೇಟೆಯಿಂದ ಹಾಸನದ ಓಡಾಟ, ಜೊತೆಗೆ ತೋಟದ ಕೆಸರು: ಹಳೇ ಡೀಸೆಲ್ ಫೋರ್ ಬೈ ಫೋರ್ ಯಾವುದು?

ಅಣ್ಣ, ನೀವು ಕೇಳಿದ್ದು ಇಷ್ಟು. ಬಾಳ್ಳುಪೇಟೆ ಹತ್ತಿರದ ತೋಟದಿಂದ ದಿನಾ ಹಾಸನಕ್ಕೆ ಕೆಲಸಕ್ಕೆ ಹೋಗಿ ಬರಬೇಕು. ತೋಟದ ಒಳಗಿನ ಎರಡು ಕಿಲೋಮೀಟರ್ ಮಣ್ಣು ರಸ್ತೆ ಮಳೆಗಾಲ ಪೂರ್ತಿ ಕೆಸರು. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ಬಜೆಟ್ ಎಂಟು ಲಕ್ಷದ ಒಳಗೆ. ಹಳೇ ಮಹೀಂದ್ರ ಥಾರ್, ರೆನೋ ಡಸ್ಟರ್ ಎಡಬ್ಲ್ಯೂಡಿ, ಮಹೀಂದ್ರ ಸ್ಕಾರ್ಪಿಯೋ ಫೋರ್ ಬೈ ಫೋರ್ ಮೂರರಲ್ಲಿ ಯಾವುದು? (ಫೋರ್ ಬೈ ಫೋರ್, ಎಡಬ್ಲ್ಯೂಡಿ ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ.) ಮೇಲೆ ಉತ್ತರ ಕೊಟ್ಟವರು ಹೆಚ್ಚಿನವರು ಥಾರ್ ಅಂದಿದ್ದಾರೆ. ನಾನು ಥಾರ್ ಬೇಡ ಅನ್ನುತ್ತೇನೆ.

ನೀವು ಕೆಸರಲ್ಲಿ ಓಡಿಸುವುದು ದಿನಕ್ಕೆ ನಾಲ್ಕು ಕಿಲೋಮೀಟರ್. ಹೈವೇಯಲ್ಲಿ ಐವತ್ತು. 2010ರಲ್ಲಿ ಬಂದ ಡೀಸೆಲ್ ಥಾರ್ ಸಿಆರ್‌ಡಿಇ ಕೆಸರಿಗೆ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದೆ ಲಾರಿಯ ಥರದ ಪಟ್ಟಿ ಸ್ಪ್ರಿಂಗ್ (ಲೀಫ್ ಸ್ಪ್ರಿಂಗ್), ಖಾಲಿ ಗಾಡಿ ಹಾರುತ್ತದೆ. ಹಿಂದಿನ ಸೀಟು ಎದುರುಬದುರು ಬೆಂಚು. ಮೇಲೆ ಕ್ಯಾನ್ವಾಸ್ ಹೊದಿಕೆ. ಏರ್‌ಬ್ಯಾಗ್ ಇಲ್ಲ. ಆಷಾಢದ ಮಳೆಯಲ್ಲಿ ಲಾರಿಗಳ ಮಧ್ಯೆ ಎನ್‌ಎಚ್ 75ರಲ್ಲಿ ದಿನಾ ಅದರಲ್ಲಿ ಹೋಗಿ ಬರುವುದು ಬೇರೆ, ಭಾನುವಾರ ಗುಡ್ಡ ಹತ್ತಿಸುವುದು ಬೇರೆ. ಅಮ್ಮನಿಗೆ ಹತ್ತಿ ಇಳಿಯುವುದೂ ಕಷ್ಟ. ಮನೆಯಲ್ಲಿ ಇನ್ನೊಂದು ಕಾರಿದ್ದರೆ ಮಾತ್ರ ಥಾರ್ ನೋಡಿ.

ಉಳಿದ ಎರಡರಲ್ಲಿ ಯಾವುದು ಅನ್ನುವುದನ್ನು ನಿಮ್ಮ ತೋಟದ ರಸ್ತೆಯೇ ಹೇಳಬೇಕು. ಒಂದು ಟೇಪು ಹಿಡಿದು ನಡೆದು ನೋಡಿ. ಟ್ರ್ಯಾಕ್ಟರ್ ಚಕ್ರ ಕೊರೆದ ಎರಡು ಗಾಡಿಜಾಡಿನ ನಡುವೆ ದಿಬ್ಬ ಉಳಿದಿರುತ್ತದೆ ಅಲ್ವಾ, ಅದರ ಎತ್ತರ ಅಳೆಯಿರಿ. ಡಸ್ಟರ್ ಎಡಬ್ಲ್ಯೂಡಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿ ಹೊಟ್ಟೆಯ ಎತ್ತರ, 210 ಮಿ.ಮೀ. ಜನ ತುಂಬಿಸಿದರೆ ಇನ್ನೂ ಇಳಿಯುತ್ತದೆ. ಸ್ಕಾರ್ಪಿಯೋ ನೋಡೋಕೆ ಎತ್ತರ, ಆದರೆ ಹಿಂದಿನ ಡಿಫರೆನ್ಷಿಯಲ್ ಉಂಡೆ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಡಬ್ಬಿ) ಕೆಳಗೆ ಜೋತಿರುತ್ತದೆ, ಕಂಪನಿ ಕೊಡುವ ಲೆಕ್ಕ 180 ಮಿ.ಮೀ. ಮಾತ್ರ. ದಿಬ್ಬ ಏಳು ಇಂಚು ದಾಟಿದರೆ ಸ್ಕಾರ್ಪಿಯೋ ಹೊಟ್ಟೆ ಉಜ್ಜುತ್ತದೆ, ಜನ ತುಂಬಿದ ಡಸ್ಟರೂ ಉಜ್ಜಬಹುದು. ಹಾಗಿದ್ದರೆ ಮೊದಲು ಎರಡು ಲೋಡು ಜಲ್ಲಿ ಹೊಡೆಸಿ, ಆಮೇಲೆ ಗಾಡಿ ನೋಡಿ.

ದಿಬ್ಬ ಕಡಿಮೆ, ಏರು ಸಾಧಾರಣ, ಬರೀ ಜಾರುವ ಕೆಸರು ಅಂದರೆ ನನ್ನ ಓಟು ಡಸ್ಟರ್‌ಗೆ. 2014ರಲ್ಲಿ ಎಡಬ್ಲ್ಯೂಡಿ ಬಂತು. 1.5 ಲೀಟರ್ ಡೀಸೆಲ್, 110 ಪಿಎಸ್, ಆರು ಗೇರು. ಹಿಂದೆಯೂ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಏರಿಳಿಯುತ್ತದೆ), ಹಾಗಾಗಿ ಹಾಳಾದ ರಸ್ತೆಯಲ್ಲೂ ಅಮ್ಮನ ಬೆನ್ನಿಗೆ ಸುಖ. ಟೂ ವೀಲ್, ಆಟೋ, ಲಾಕ್ ಅಂತ ಒಂದು ತಿರುಗುಬಟನ್ ಇದೆ. ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ಗೇರ್ ಇಲ್ಲ, ಅದಕ್ಕೇ ಒಂದನೇ ಗೇರನ್ನು ತುಂಬಾ ಗಿಡ್ಡ ಮಾಡಿದ್ದಾರೆ. ಕೆಸರಲ್ಲಿ ಹೂತು ಸುಮ್ನೆ ಚಕ್ರ ತಿರುಗಿಸುತ್ತಾ ಕೂತರೆ ಹಿಂದಿನ ಚಕ್ರಗಳಿಗೆ ಬಲ ಕೊಡುವ ಕಪ್ಲಿಂಗ್ ಬಿಸಿಯಾಗಿ ತಾನೇ ಬಿಟ್ಟುಬಿಡುತ್ತದೆ. ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಪಟ್ಟಿ) ಇದೆ, ಚೈನ್ ಅಲ್ಲ. ಬೆಲ್ಟ್ ಬದಲಾಯಿಸಿದ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ದುಡ್ಡನ್ನು ರೇಟಿನಲ್ಲಿ ಕಳೆಯಿರಿ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಹೋಗುತ್ತವೆ. ಎಡಬ್ಲ್ಯೂಡಿ ಮಾರಾಟ ಆಗಿದ್ದೇ ಕಡಿಮೆ, ಆದ್ದರಿಂದ ಹಿಂದಿನ ಆಕ್ಸಲ್ ಕಡೆಯ ಸಾಮಾನು ಹಾಸನದಲ್ಲೇ ಸಿಗುತ್ತಾ, ಆರ್ಡರ್ ಹಾಕಬೇಕಾ ಅಂತ ಮೊದಲೇ ವಿಚಾರಿಸಿ.

ಕಡಿದಾದ ಏರು ಇದೆ, ಕಾಫಿ ಮೂಟೆ ಹಾಕಬೇಕು, ಟ್ರೈಲರ್ ಎಳೆಯಬೇಕು ಅಂದರೆ ಸ್ಕಾರ್ಪಿಯೋ. 2014ರ ನಂತರದ 2.2 ಲೀಟರ್ ಎಂಹಾಕ್ ಎಂಜಿನ್ನಿನದು ನೋಡಿ. ಚೈನ್ ಎಂಜಿನ್, ಪ್ರತಿ ಊರಲ್ಲೂ ಕೈ ಹಾಕುವ ಮೆಕ್ಯಾನಿಕ್ ಇದ್ದಾರೆ. ಒಳ್ಳೆ ಟಾಟಾ ಸಫಾರಿ ಸ್ಟಾರ್ಮ್ ಫೋರ್ ಬೈ ಫೋರ್ ಸಿಕ್ಕರೆ ಅದನ್ನೂ ಬಿಡಬೇಡಿ, ಹೈವೇಯಲ್ಲಿ ಸ್ಕಾರ್ಪಿಯೋಗಿಂತ ನೆಮ್ಮದಿಯ ಸವಾರಿ. ಎರಡರಲ್ಲೂ ಟೂ ಎಚ್ (ಬರೀ ಹಿಂದಿನ ಎರಡು ಚಕ್ರ), ಫೋರ್ ಎಚ್ (ನಾಲ್ಕೂ ಚಕ್ರ), ಫೋರ್ ಎಲ್ (ನಾಲ್ಕೂ ಚಕ್ರ, ಲೋ ಗೇರಿನಲ್ಲಿ) ಇದೆ. ಫೋರ್ ಎಲ್‌ನ ನಿಜವಾದ ಬೆಲೆ ಗೊತ್ತಾಗುವುದು ಇಳಿಜಾರಲ್ಲಿ. ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ನಡಿಗೆ ವೇಗದಲ್ಲಿ ಇಳಿಯಬಹುದು. ಆದರೆ ಒಣ ಟಾರು ರಸ್ತೆಯಲ್ಲಿ ಫೋರ್ ಎಚ್ ಹಾಕಿ ಓಡಿಸಲೇಬೇಡಿ. ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಹೋಗುತ್ತವೆ, ಆ ವ್ಯತ್ಯಾಸಕ್ಕೆ ಜಾಗ ಇಲ್ಲದೆ ಶಾಫ್ಟ್‌ಗಳು ಬಿಗಿಯುತ್ತವೆ. ಕೆಸರಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ.

ಇನ್ನೆರಡು ಲಕ್ಷ ಸೇರಿಸಿ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿ ತಗೊಳ್ಳಿ ಅಂತ ಒಬ್ಬರು ಹೇಳಿದ್ದಾರೆ. 2020ರ ಏಪ್ರಿಲ್ ನಂತರದ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಇರುತ್ತದೆ, ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದು ತನ್ನನ್ನು ತಾನೇ ಸುಟ್ಟು ಶುದ್ಧ ಮಾಡಿಕೊಳ್ಳಲು ಆಗಾಗ ಒಂದಷ್ಟು ಹೊತ್ತು ಹೈವೇ ಓಟ ಬೇಕು. ನಿಮಗೆ ದಿನಾ ಹೈವೇ ಇದೆ, ತೊಂದರೆ ಇಲ್ಲ. ಊರೊಳಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸುವವರು ಇದನ್ನು ಓದುತ್ತಿದ್ದರೆ, ಡೀಸೆಲ್ಲೇ ಬೇಡ.

ಈಗ ಗಾಡಿ ನೋಡುವ ವಿಷಯ. ಹೋಗುವ ಮುಂಚೆ ಫೋನ್ ಮಾಡಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಸ್ಟಾರ್ಟ್ ಆದಾಗ ಸ್ವಲ್ಪ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಸಡಿಲವಾಗಿ ಇಡಿ. ಸ್ವಲ್ಪ ಕುಣಿದರೆ ಸರಿ, ಹೊಗೆ ಬುಸುಗುಟ್ಟಿ ಮುಚ್ಚಳ ಎಗರಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಆಮೇಲೆ ಲಿಫ್ಟ್ ಮೇಲೆ ಹಾಕಿಸಿ. ಈ ಖರ್ಚು ಉಳಿಸಬೇಡಿ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಮಂಗಳೂರು, ಉಡುಪಿ ಕಡೆಯ ಗಾಡಿಗಳಲ್ಲಿ ಇದನ್ನು ಎರಡೆರಡು ಸಲ ಮಾಡಿ, ಉಪ್ಪು ಗಾಳಿ ಬಿಡುವುದಿಲ್ಲ. ಮುಂದಿನ ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದೆಯಾ ನೋಡಿ. ಆಕ್ಸಲ್‌ಗೆ ಬಲ ಒಯ್ಯುವ ಉದ್ದ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಎರಡೂ ಕಡೆ ತಿರುಚಿ, ಜಾಯಿಂಟ್‌ಗಳಲ್ಲಿ ಆಟ ಇರಬಾರದು. ಎರಡೂ ಡಿಫರೆನ್ಷಿಯಲ್‌ಗಳ ಫಿಲ್ಲರ್ ಬೋಲ್ಟ್ ಬಿಚ್ಚಿಸಿ, ಬೆರಳು ಒಳಗೆ ಹಾಕಿ ಆಯಿಲ್ ತೆಗೆದು ನೋಡಿ. ಅದು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಗಾಡಿ ಹಳ್ಳಕ್ಕೆ ಇಳಿದಿದೆ. ಕೊಡಗಿನ ಮಾಂದಲಪಟ್ಟಿ ಥರದ ಕಡೆ ಟೂರಿಸ್ಟ್ ಬಾಡಿಗೆಗೆ ದುಡಿದ ಗಾಡಿ, ಆಫ್ ರೋಡ್ ಸ್ಪರ್ಧೆಗೆ ಇಳಿದ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ಬೇಡ.

ಎಲ್ಲಕ್ಕಿಂತ ಮುಖ್ಯ, ಫೋರ್ ಬೈ ಫೋರ್ ನಿಜವಾಗಿ ಕೆಲಸ ಮಾಡುತ್ತಾ ಅಂತ ನೋಡುವುದು. ಎಷ್ಟೋ ಮಾಲೀಕರು ವರ್ಷಗಟ್ಟಲೆ ಆ ಬಟನ್ ಮುಟ್ಟಿಯೇ ಇರುವುದಿಲ್ಲ. ಒಳಗೆ ಫೋರ್ ಬೈ ಫೋರ್ ಹಾಕುವ ಮೋಟರ್ ಜಾಮ್ ಆಗಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಸಡಿಲ ಮಣ್ಣಿನ ಏರಿಗೆ ಕರೆದುಕೊಂಡು ಹೋಗಿ. ಸ್ಕಾರ್ಪಿಯೋ, ಸ್ಟಾರ್ಮ್ ಆದರೆ ನಿಲ್ಲಿಸಿ, ಕ್ಲಚ್ ಒತ್ತಿ, ಫೋರ್ ಎಲ್ ಹಾಕಿ. ಮೀಟರ್‌ನಲ್ಲಿ ದೀಪ ಸ್ಥಿರವಾಗಿ ನಿಲ್ಲಬೇಕು. ಮಿಣುಕುತ್ತಲೇ ಇದ್ದರೆ ಗೇರು ಕೂತಿಲ್ಲ. ನಿಮ್ಮ ಜೊತೆಗಿನವರು ಹೊರಗೆ ನಿಂತು ಮುಂದಿನ ಚಕ್ರ ಮಣ್ಣು ಕೆದರುತ್ತಾ ನೋಡಲಿ. ದೀಪ ಸುಳ್ಳು ಹೇಳಬಹುದು, ಮಣ್ಣು ಹೇಳುವುದಿಲ್ಲ. ಹಾಗೇ ಮಣ್ಣಿನಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಒಂದು ಸುತ್ತು ಹೊಡೆಯಿರಿ. ಮುಂದಿನಿಂದ ಟಕ್ ಟಕ್ ಬಂದರೆ ಜಾಯಿಂಟ್ ಹೋಗಿದೆ. ಟೂ ಎಚ್‌ಗೆ ವಾಪಸ್ ಬರುತ್ತಾ ಅಂತಲೂ ನೋಡಿ. ಡಸ್ಟರ್ ಆದರೆ ಮುಂದಿನ ಎರಡು ಚಕ್ರ ಕೆಸರಿಗೆ ಇಳಿಸಿ, ಲಾಕ್ ಹಾಕಿ ಮೆಲ್ಲಗೆ ಎಕ್ಸಿಲೇಟರ್ ಕೊಡಿ. ಹಿಂದಿನಿಂದ ತಳ್ಳಿದ್ದು ಸೀಟಿಗೇ ತಿಳಿಯುತ್ತದೆ.

ಟೈರು ನಾಲ್ಕೂ ಒಂದೇ ಸೈಜು, ಒಂದೇ ಸವೆತ ಇರಬೇಕು. ಡಸ್ಟರ್‌ಗೆ ಇದು ಇನ್ನೂ ಮುಖ್ಯ. ಬದಲಾಯಿಸುವುದಾದರೆ ಟಾರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಹಾಕಿಸಿ. ಮಡ್ ಟೈರು ಟಾರಿನಲ್ಲಿ ಗುಂಯ್ ಅನ್ನುತ್ತದೆ, ಮೈಲೇಜೂ ಕಡಿಮೆ. ನಯವಾದ ಟೈರು ಹಾಕಿಕೊಂಡು ಫೋರ್ ಬೈ ಫೋರ್ ಇದ್ದರೂ ಕೆಸರಲ್ಲಿ ಪ್ರಯೋಜನ ಕಮ್ಮಿ.

ಕಾಗದ ಪತ್ರ: ಮಾಲೀಕರ ಹೆಸರು ಬದಲಾಯಿಸಲು ಫಾರಂ 29 ಮತ್ತು 30, ಗಾಡಿ ಮೇಲೆ ಸಾಲ ಇದ್ದರೆ ಅದನ್ನು ತೆಗೆಸಲು 35. ದೆಹಲಿ ಸುತ್ತ ಹತ್ತು ವರ್ಷ ದಾಟಿದ ಡೀಸೆಲ್‌ಗೆ ತೊಂದರೆ ಇದ್ದುದರಿಂದ ಅಲ್ಲಿನ ಗಾಡಿಗಳು ಅಗ್ಗಕ್ಕೆ ಇಲ್ಲಿಗೆ ಬಂದಿವೆ. ಫಾರಂ 28ರ ಎನ್‌ಒಸಿ, ಇಲ್ಲಿನ ರೋಡ್ ಟ್ಯಾಕ್ಸ್, ಹೊಸ ನಂಬರ್ ಎಲ್ಲಾ ಸೇರಿಸಿದರೆ ಆ ಅಗ್ಗ ಉಳಿಯುವುದು ಕಷ್ಟ. ಕೆಎ 13 (ಹಾಸನ), ಕೆಎ 46 (ಸಕಲೇಶಪುರ), ಕೆಎ 18 (ಚಿಕ್ಕಮಗಳೂರು) ನಂಬರಿನ ಗಾಡಿ, ಅದರಲ್ಲೂ ಒಬ್ಬರೇ ಮಾಲೀಕರದ್ದು ಹುಡುಕಿ. ಆರ್‌ಸಿಯಲ್ಲಿ ಫೋರ್ ಬೈ ಫೋರ್ ಮಾಡೆಲ್ಲೇ ಬರೆದಿದೆಯಾ ಅಂತ ಅಡ್ವಾನ್ಸ್ ಕೊಡುವ ಮುಂಚೆ ನೋಡಿ, ಹಿಂದೆ ಬರೀ ಸ್ಟಿಕ್ಕರ್ ಅಂಟಿಸಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ದಿಬ್ಬದ ಅಳತೆ, ಏರಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.