ಆ ಲಕೋಟೆಯನ್ನು ಅಂದೇ ಒಡೆಯಿರಿ

ಪ್ರಿಯ ತಮ್ಮಾ,

ಮುಳ್ಳೇರಿಯಾದಿಂದ ನ್ಯೂಜೆರ್ಸಿಗೆ ಬಂದು ಎಂಟು ತಿಂಗಳಾಯಿತು, ಬಾಡಿಗೆಯ ದುಡ್ಡಿನಲ್ಲೇ ಸಾಲದ ಕಂತು ಕಟ್ಟಬಹುದೆಂದು ಸ್ನೇಹಿತರು ಹೇಳುತ್ತಿದ್ದಾರೆ, ಮನೆ ಕೊಳ್ಳಲೇ, ಕೊಂಡರೆ ಯಾವುದಕ್ಕೆ ಎಚ್ಚರವಾಗಿರಬೇಕು ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಿ. ಇಲ್ಲಿನ ಆಸ್ತಿ ತೆರಿಗೆ ಬಹಳ ಭಾರ; ಅದನ್ನೂ ಕಂತಿಗೆ ಸೇರಿಸಿ ಲೆಕ್ಕ ಹಾಕಿ. ನಾನು ವಿವರವಾಗಿ ಹೇಳಬೇಕೆಂದಿರುವುದು ಅಂಚೆಯಲ್ಲಿ ಬರುವ ಕಾಗದಗಳ ವಿಷಯ.

ನೀರ್ಚಾಲಿನ ನಮ್ಮ ಮನೆಗೆ ಸರ್ಕಾರಿ ಕಚೇರಿಯ ಕಾಗದ ಬಂದರೆ ಅಪ್ಪ ಅದನ್ನು ಅಟ್ಟದ ಹಲಗೆಯ ಮೇಲೆ ಇಡುತ್ತಿದ್ದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬರುತ್ತಿದ್ದದ್ದು ಮಲಯಾಳದ ಕಾಗದ. ಓದಬಲ್ಲ ಮೇಷ್ಟ್ರು ಭಾನುವಾರ ಬರುವವರೆಗೆ ಅದು ಅಲ್ಲೇ ಇರುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬಹುದು. ಇಂಗ್ಲಿಷ್ ಚೆನ್ನಾಗಿ ಬಂದರೂ, ಅಂಜಿಕೆ ಹುಟ್ಟಿಸುವ ಕಾಗದವನ್ನು ಬದಿಗಿಡುವ ಆ ಅಭ್ಯಾಸ ನನ್ನ ಜೊತೆಗೇ ಇಲ್ಲಿಗೆ ಬಂತು.

2012ರಲ್ಲಿ ಕೆಲಸ ಹೋಗಿ ನಮ್ಮ ಮನೆಸಾಲದ ಕಂತುಗಳು ಬಾಕಿಯಾದವು. ಕಂತು ಇಳಿಸಿಕೊಡಿ ಎಂದು ಬ್ಯಾಂಕಿಗೆ ಅರ್ಜಿ ಹಾಕಿದೆ. ಪರಿಶೀಲನೆಯಲ್ಲಿದೆ, ಚಿಂತೆ ಬೇಡ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ಅಪ್ಪ ತೀರಿಕೊಂಡರು. ಮನೆಗೆ ಬೀಗ ಹಾಕಿ ಎಲ್ಲರೂ ಊರಿಗೆ ಹೋದೆವು. ಮರಳಿ ಬಂದಾಗ ಅಂಚೆಪೆಟ್ಟಿಗೆ ತುಂಬಿತ್ತು. ಬ್ಯಾಂಕಿನ ಮಾತನ್ನು ನಂಬಿ ಲಕೋಟೆಗಳನ್ನು ಒಡೆಯದೆ ಒಂದು ಡಬ್ಬಿಯಲ್ಲಿ ಹಾಕಿಟ್ಟೆ. ಮರುವರ್ಷ ಶೆರಿಫ್ ಎಂಬ ಇಲ್ಲಿನ ಕೌಂಟಿ ಅಧಿಕಾರಿ ನಡೆಸುವ ಹರಾಜಿನ ನೋಟಿಸು ಬಂದಾಗಲೇ, ನನ್ನ ಮೇಲೆ ಫೋರ್‌ಕ್ಲೋಶರ್ ದಾವೆ, ಅಂದರೆ ಸಾಲಕ್ಕಾಗಿ ಮನೆಯನ್ನು ಹರಾಜು ಹಾಕಿಸುವ ದಾವೆ, ಹೂಡಿ ತೀರ್ಪೂ ಆಗಿದೆ ಎಂದು ತಿಳಿದದ್ದು.

ಇಲ್ಲಿ ದಾವೆಯ ಕಾಗದ ಕೈಗೆ ತಲುಪಿದ ಮೇಲೆ ಉತ್ತರ ಸಲ್ಲಿಸಲು 35 ದಿನ. ಸಲ್ಲಿಸದಿದ್ದರೆ ಬ್ಯಾಂಕು ಬರೆದದ್ದೇ ಲೆಕ್ಕ. ಊರಿನ ಕೋರ್ಟಿನಲ್ಲಿ ಒಂದು ಪಕ್ಷ ಹಾಜರಾಗದೆ ತೀರ್ಪಾದರೆ ‘ಎಕ್ಸ್‌ಪಾರ್ಟಿ ಆಯಿತು’ ಎನ್ನುತ್ತಾರಲ್ಲ, ಅದೇ. ಬ್ಯಾಂಕಿನ ಜೊತೆ ಮಾತುಕತೆ ನಡೆಯುತ್ತಿದೆ ಎಂದು ಕೋರ್ಟು ಕಾಯುವುದಿಲ್ಲ. ಫೋನಿನ ಸಮಾಧಾನ ಕೋರ್ಟಿನ ಕಡತಕ್ಕೆ ಹೋಗುವುದಿಲ್ಲ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ.

ತೀರ್ಪನ್ನು ರದ್ದು ಮಾಡಿಸಲು ದಾರಿ ಇದೆ. ಗಮನಕ್ಕೆ ಬರಲಿಲ್ಲ ಎಂದು ಕೇಳಿಕೊಂಡರೆ ಆ ತಪ್ಪು ಕ್ಷಮಿಸುವಂಥದ್ದು ಎಂದು ತೋರಿಸಬೇಕು, ದಾವೆಗೆ ಹುರುಳಿರುವ ಪ್ರತಿವಾದವೂ ಇರಬೇಕು, ಅದೂ ಒಂದು ವರ್ಷ ಮೀರದೆ. ಬ್ಯಾಂಕಿನೊಂದಿಗೆ ಮಾತಾಡುತ್ತಿದ್ದೆ ಎಂಬ ನೆಪವನ್ನು ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 2012ರ ಗಿಯೋಮ್ ಪ್ರಕರಣದಲ್ಲಿ ಒಪ್ಪಿರಲಿಲ್ಲ. ಆದ್ದರಿಂದ ನನ್ನ ವಕೀಲರು ಮೊದಲು ನೋಡಿದ್ದು, ದಾವೆಯ ಕಾಗದ ಯಾರ ಕೈಗೆ ಕೊಟ್ಟರು ಎಂಬುದನ್ನು. ಮನೆಯಲ್ಲೇ ವಾಸಿಸುವ 14 ವರ್ಷ ತುಂಬಿದ ಸದಸ್ಯರಿಗೆ ಕೊಟ್ಟರೂ ನಡೆಯುತ್ತದೆ. ನನ್ನ ಹೆಂಡತಿಗೆ ಕೊಟ್ಟೆ ಎಂದು ತಲುಪಿಸಿದವನ ಪ್ರಮಾಣಪತ್ರದಲ್ಲಿತ್ತು. ಆ ದಿನ ಅವಳು ನೀರ್ಚಾಲಿನಲ್ಲಿ ಮಾವನ ಬೊಜ್ಜದ (ಉತ್ತರಕ್ರಿಯೆಯ) ಅಡಿಗೆಗೆ ಕಾಯಿ ತುರಿಯುತ್ತಿದ್ದಳು.

ಅಂಥ ಪ್ರಮಾಣಪತ್ರವನ್ನು ಕೋರ್ಟು ನಿಜವೆಂದೇ ಹಿಡಿಯುತ್ತದೆ. ಸುಳ್ಳೆಂದು ತೋರಿಸಲು ಬಲವಾದ ಸಾಕ್ಷ್ಯ ಬೇಕು. ಪಾಸ್‌ಪೋರ್ಟಿನ ಮುದ್ರೆಗಳು, ಬೋರ್ಡಿಂಗ್ ಪಾಸುಗಳು, ಅಪ್ಪನ ಮರಣ ಪ್ರಮಾಣಪತ್ರ, ಎಲ್ಲವನ್ನೂ ಲಗತ್ತಿಸಿದೆವು. ಆ ಮರಣಪತ್ರ ನನ್ನ ಮನೆ ಉಳಿಸಲು ನೆರವಾದುದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಕಾಗದ ಸರಿಯಾಗಿ ತಲುಪಿರಲಿಲ್ಲವಾದ್ದರಿಂದ ತೀರ್ಪೇ ಶೂನ್ಯ ಎಂದು ನ್ಯಾಯಾಧೀಶರು ಅದನ್ನು ರದ್ದುಪಡಿಸಿದರು.

ರದ್ದಾದದ್ದು ತೀರ್ಪು ಮಾತ್ರ. ಸಾಲ ಹಾಗೆಯೇ ಇತ್ತು, ದಾವೆ ಮೊದಲಿನಿಂದ ಶುರುವಾಯಿತು. ಈ ಸಲ ದಿನ ತಪ್ಪದೆ ಉತ್ತರ ಕೊಟ್ಟೆ. ಕೋರ್ಟಿನದೇ ಮಧ್ಯಸ್ಥಿಕೆಯಲ್ಲಿ ಬ್ಯಾಂಕು ಕಂತನ್ನು ಇಳಿಸಿತು. ಅಂತಿಮ ತೀರ್ಪಿಗೆ ಮುನ್ನ ಬಾಕಿ ಕಟ್ಟಿ ಸಾಲವನ್ನು ಸರಿಪಡಿಸಿಕೊಳ್ಳುವ ಹಕ್ಕು ಸಾಲಗಾರನಿಗಿದೆ ಎಂಬುದು ಮೊದಲೇ ಗೊತ್ತಿದ್ದರೆ, ಡಬ್ಬಿಯ ಲಕೋಟೆಗಳನ್ನು ಒಡೆದಿದ್ದರೆ, ಆ ವರ್ಷ ನಾವಿಬ್ಬರೂ ನಿದ್ದೆಗೆಡಬೇಕಿರಲಿಲ್ಲ.

ಹೂಡಿಕೆಯ ಬಗ್ಗೆ ಕೇಳಿದ ಇನ್ನೊಂದು ಪ್ರಶ್ನೆಗೆ ಬೇರೆ ಬರೆಯುತ್ತೇನೆ. ತಂಗಿಯ ಮದುವೆಗೆ ಎರಡು ತಿಂಗಳು ಊರಿಗೆ ಹೋಗುವುದಾಗಿ ಬರೆದಿದ್ದೀರಿ. ಹೊರಡುವ ಮುನ್ನ ಅಂಚೆಪೆಟ್ಟಿಗೆಯ ಬೀಗದಕೈಯನ್ನು ನಿಮ್ಮ ಅಕ್ಕನ ಕೈಗೆ, ಅಂದರೆ ನನ್ನ ಹೆಂಡತಿಯ ಕೈಗೆ, ಕೊಟ್ಟು ಹೋಗಿ. ಪ್ರತಿ ಶನಿವಾರ ನಾವು ಹೋಗಿ ನೋಡುತ್ತೇವೆ. ಕೋರ್ಟಿನ ಕಾಗದವೇನಾದರೂ ಇದ್ದರೆ ಆ ರಾತ್ರಿಯೇ ಮುಳ್ಳೇರಿಯಾಕ್ಕೆ ಫೋನು ಮಾಡುತ್ತೇನೆ.