ಹಳೇ ಎಂಜಿಬಿಗೆ ವಿ8 ಎಂಜಿನ್ ಕೂರುತ್ತದಾ?

ಹುಬ್ಬಳ್ಳಿಯಲ್ಲಿ ಓಡಿಸುವ ಹಳೇ ಎಂಜಿಬಿಗೆ (ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು) ವಿ8, ಅಂದರೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಕೂರುತ್ತದೆ. 1973ರಿಂದ 1976ರವರೆಗೆ ಕಂಪನಿಯೇ 3.5 ಲೀಟರಿನ ರೋವರ್ ವಿ8 ಹಾಕಿ ಎಂಜಿಬಿ ಜಿಟಿ (ಇದೇ ಕಾರಿನ ಮುಚ್ಚಿದ ಛಾವಣಿಯ ರೂಪ) ಮಾರಿತ್ತು, ಆ ಎಂಜಿನ್ ಅಲ್ಯೂಮಿನಿಯಮ್ಮಿನದು, ಹಾಗಾಗಿ ಮೂಲದ 1.8 ಲೀಟರಿನ ಬೀಡು ಕಬ್ಬಿಣದ ಎಂಜಿನ್ನಿಗೆ ಹೋಲಿಸಿದರೆ ಮುಂದಿನ ಗಾಲಿಗಳ ಮೇಲೆ ಭಾರ ಜಾಸ್ತಿ ಏನೂ ಬೀಳಲ್ಲ.

ನಿಜವಾದ ತಲೆನೋವು ಬಿಸಿ. ಏಪ್ರಿಲ್ ಬಿಸಿಲಲ್ಲಿ ದುರ್ಗದಬೈಲ್ ಗದ್ದಲದಲ್ಲಿ ಕಾರು ನಿಂತರೆ ಬಾನೆಟ್ಟಿನೊಳಗೆ ಗಾಳಿಯೇ ಆಡಲ್ಲ, ಎಕ್ಸಾಸ್ಟ್ ಬೇರೆ ಸ್ಟೀರಿಂಗ್ ಶಾಫ್ಟಿಗೆ ತೀರಾ ಹತ್ತಿರ ಬರುತ್ತದೆ. ದೊಡ್ಡ ರೇಡಿಯೇಟರ್, ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು. ಶಕ್ತಿ ಹೆಚ್ಚುವುದರಿಂದ ಬ್ರೇಕಿಗೆ ಮೊದಲು ದುಡ್ಡು ಹಾಕಿ.

ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ ಎರಡೂ ಇರುತ್ತವಲ್ವಾ? ಆ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಎಂಜಿನ್ ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.